ಪೂಜೆಗೆ ಕೂತ ಸೈಕಲ್

ಮನುಷ್ಯನಿಗೆ ಹೊಟ್ಟೆಕಿಚ್ಚು ಬರುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಸ್ವಂತ ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತವನಿಗೆ, ಪಕ್ಕದಲ್ಲಿ ಸೈಕಲ್ ತುಳಿಯುವವನನ್ನು ಕಂಡು ಹೊಟ್ಟೆ ಉರಿಯುವುದೆಂದರೆ ಅದಕ್ಕೇನು ಹೇಳಬೇಕು! ದಿಗಂಬರನಿಗೆ ಆ ರೋಗ ಐದು ವರ್ಷದಿಂದ ಇತ್ತು. ಎರಡು ಸಾವಿರದ ಒಂಬತ್ತರ ಸೆಪ್ಟೆಂಬರಿನ ಮೊದಲ ವಾರ, ಪುಣೆಯ ನಳ ಸ್ಟಾಪಿನ ಸಿಗ್ನಲ್ಲಿನಲ್ಲಿ, ಅದು ಪೂರ್ತಿ ಉಲ್ಬಣಿಸಿತು.

ಮೂರು ಸಲ ಹಸಿರು ದೀಪ ಬಂದು ಹೋಗಿದ್ದರೂ ಅವನ ಬಿಳಿ ಮಾರುತಿ ಇದ್ದಲ್ಲಿಂದ ನಾಲ್ಕು ಮಾರು ಮುಂದೆ ಸರಿದಿರಲಿಲ್ಲ. ಮುಂದೆ ಸಿಟಿ ಬಸ್ಸು, ಹಿಂದೆ ಟೆಂಪೊ, ಎರಡೂ ಪಕ್ಕ ಮುಖಕ್ಕೆ ಓಢಣಿ ಸುತ್ತಿಕೊಂಡ ಹುಡುಗಿಯರ ಸ್ಕೂಟಿಗಳು. ಕ್ಯಾಂಪ್ ಭಾಗದಲ್ಲಿದ್ದ ಅವನ ವಿಮಾ ಕಚೇರಿಗೆ ಇನ್ನೂ ಮುಕ್ಕಾಲು ದಾರಿ ಬಾಕಿ. ಅಷ್ಟರಲ್ಲಿ ಫುಟ್‌ಪಾತಿನ ಅಂಚಿಗೆ ಟ್ರಿಣ್ ಟ್ರಿಣ್ ಅನ್ನುತ್ತ ಹಳೆಯ ಕರಿ ಸೈಕಲ್ಲೊಂದು ಬಂತು. ಆ ಗಂಟೆಯ ಸದ್ದು ದಿಗಂಬರನಿಗೆ ಹತ್ತೊಂಬತ್ತು ವರ್ಷದಿಂದ ಗೊತ್ತು. ಮಧ್ವೇಶ! ಅದೇ ಕಚೇರಿಯವನು, ಅದೇ ಧಾರವಾಡದವನು, ಕೋಥರೂಡಿನಲ್ಲಿ ಇವನ ಮನೆಯ ಹಿಂದಿನ ಗಲ್ಲಿಯಲ್ಲೇ ವಾಸ. ಇವನು ಬೆವರು ಒರೆಸಿಕೊಳ್ಳುತ್ತ ಕಚೇರಿ ಮುಟ್ಟುವ ಹೊತ್ತಿಗೆ ಅವನು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಚಹಾ ಕುಡಿದು, ಕಪ್ಪು ತೊಳೆದಿಟ್ಟಿರುತ್ತಿದ್ದ.

‘ಹೋಗಪ್ಪಾ, ಹೋಗು’ ಅಂತ ಹಲ್ಲು ಕಡಿದು ದಿಗಂಬರ ಮುಖ ತಿರುಗಿಸುವವನಿದ್ದ. ಆದರೆ ಕರಿ ಸೈಕಲ್ಲಿನ ಬೆನ್ನಿಗೇ ಒಂದು ಕೆಂಪು ಸೈಕಲ್ ಬಂತು. ಅದರ ಮೇಲಿದ್ದ ಹುಡುಗಿ ಹಂದಿಜ್ವರದ ಮುಖಪಟ್ಟಿ ಕಟ್ಟಿಕೊಂಡಿದ್ದಳು. ಮುಖ ಕಾಣಲಿಲ್ಲ, ಬೆನ್ನಿನ ಚೀಲ ಕಂಡಿತು. ಆ ಚೀಲವನ್ನು ಜೂನಿನಲ್ಲಿ ಲಕ್ಷ್ಮೀ ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿ ಕೊಡಿಸಿದವನು ಅವನೇ. ಸಾಯಲಿ! ಹನ್ನೊಂದನೆಯ ಇಯತ್ತೆಯ ತನ್ನ ಒಬ್ಬಳೇ ಮಗಳು, ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಾಳೆ ಅಂತ ಮನೆಯವರೆಲ್ಲ ಹೇಳುತ್ತಿದ್ದ ಮಗಳು! ಮಧ್ವೇಶ ಹಿಂತಿರುಗಿ ಏನೋ ಅಂದ. ಹುಡುಗಿ ತಲೆ ಹಿಂದಕ್ಕೆ ಹಾಕಿ ನಕ್ಕಳು. ಇಬ್ಬರೂ ಬಸ್ಸಿನ ಎಡಕ್ಕೆ ತೂರಿ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮಾಯವಾದರು.

ತಂದೆಯ ಪಕ್ಕದಲ್ಲಿ ಕಾರಿನಲ್ಲಿ ಕೂತರೆ ಕಿವಿಗೆ ವಾಯರು ಸಿಗಿಸಿಕೊಂಡು ಕಿಟಕಿ ನೋಡುವ ಹುಡುಗಿ ಅದು. ಹಾಗೆ ಮೈಮರೆತು ನಕ್ಕದ್ದನ್ನು ದಿಗಂಬರ ನೋಡಿ ಎಷ್ಟು ದಿನವಾಗಿತ್ತೋ. ಮೊದಲು ಬರಬೇಕಾಗಿದ್ದದ್ದು ಸಿಟ್ಟು, ಅಥವಾ ಮಗಳ ಕೈಕಾಲಿನ ಚಿಂತೆ. ಅವೆರಡೂ ಆಮೇಲೆ ಬಂದವು. ಮೊದಲು ಬಂದದ್ದು ಹೊಟ್ಟೆಕಿಚ್ಚೇ.

ಇನ್ನು ಒಂದು ಮಾತು ಹೇಳಿಬಿಡಬೇಕು, ಮುಚ್ಚಿಟ್ಟರೆ ಕಥೆ ಮುಂದೆ ಹೋಗುವುದಿಲ್ಲ. ದಿಗಂಬರನಿಗೆ ಸೈಕಲ್ ಬರುತ್ತಿರಲಿಲ್ಲ.

ನಗಬೇಡಿ. ಪುಣೆಯೆಂದರೆ ಸೈಕಲ್ಲಿನ ಊರು ಅಂತ ಹೆಸರಾಗಿದ್ದ ಕಾಲದಲ್ಲಿ ಬಂದವನು ಅವನು. ಕಾರಕೂನರು, ಮಾಸ್ತರರು, ಒಂಬತ್ತು ಗಜದ ಸೀರೆ ಉಟ್ಟ ಹೆಂಗಸರು ಕೂಡ ಸೈಕಲ್ ಮೇಲೆ ಓಡಾಡುತ್ತಿದ್ದರು. ಇವನಿಗೆ ಬರುತ್ತಿರಲಿಲ್ಲ. ಧಾರವಾಡದಲ್ಲಿ ಹನ್ನೊಂದು ವರ್ಷದವನಿದ್ದಾಗ ಇಳಿಜಾರಿನಲ್ಲಿ ಬಾಡಿಗೆ ಸೈಕಲ್ ಸಮೇತ ಗಟಾರಕ್ಕೆ ಬಿದ್ದಿದ್ದ. ಓಣಿಯ ಹುಡುಗರೆಲ್ಲ ನಕ್ಕರು. ಅದರ ಮೇಲೆ ತಾಯಿ ರಂಗೂಬಾಯಿ ಇನ್ನು ಮುಟ್ಟಿದರೆ ನೋಡು ಅಂತ ಆಣೆ ಹಾಕಿಸಿದಳು. ಅಲ್ಲಿಗೆ ಮುಗಿಯಿತು. ಸೈಕಲ್ ಬರದವನಿಗೆ ಸ್ಕೂಟರೂ ಬರುವುದಿಲ್ಲ. ಎರಡು ಗಾಲಿಯ ಮೇಲೆ ನಿಲ್ಲುವ ಭಾಗ್ಯವೇ ಇಲ್ಲದೆ ಅವನು ನೇರವಾಗಿ ನಾಲ್ಕು ಗಾಲಿಗೆ ಹಾರಿದ್ದ. ಜನ ಅದನ್ನು ಠೀವಿ ಅಂದುಕೊಂಡಿದ್ದರು.

ನಡುವಿನ ಕಾಲ? ಅದನ್ನು ನೆನೆದರೆ ಅವನ ಕಿವಿ ಬಿಸಿಯಾಗುತ್ತಿತ್ತು. ತೊಂಬತ್ತರಲ್ಲಿ ಇಬ್ಬರೂ ಒಟ್ಟಿಗೆ ನೌಕರಿ ಹಿಡಿದು ಸದಾಶಿವ ಪೇಟೆಯ ಒಂದು ಹಳೆಯ ವಾಡೆಯಲ್ಲಿ ಬಾಡಿಗೆಗೆ ಖೋಲಿ ಹಿಡಿದಿದ್ದರು. ದಿನಾ ಮಧ್ವೇಶ ಇದೇ ಕರಿ ಸೈಕಲ್ ತುಳಿಯುತ್ತಿದ್ದ, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ದಿಗಂಬರ ಕ್ಯಾರಿಯರ್ ಮೇಲೆ ಕೂರುತ್ತಿದ್ದ. ಆಗ ಸೈಕಲ್ ಮೇಲೆ ಡಬಲ್ ಸೀಟ್ ಹೋದರೆ ಪೊಲೀಸರು ಹಿಡಿಯುತ್ತಿದ್ದರು. ಅದಕ್ಕೇ ಚೌಕ ಬಂದ ಕೂಡಲೇ ಇವನು ಟಣ್ಣನೆ ಕೆಳಗೆ ಹಾರಿ, ಸಭ್ಯಸ್ಥನ ಹಾಗೆ ನಡೆದು ಪೊಲೀಸನನ್ನು ದಾಟಿ, ಆಚೆ ಹೋದಮೇಲೆ ಎರಡು ಹೆಜ್ಜೆ ಓಡಿ ಮತ್ತೆ ಹತ್ತಿಕೊಳ್ಳುತ್ತಿದ್ದ. ಮೂರು ವರ್ಷ ಹೀಗೇ ನಡೆಯಿತು. ಮಧ್ವೇಶ ಒಂದು ದಿನವೂ ಬೇಸರಿಸಲಿಲ್ಲ, ನಿನಗೆ ಬರುವುದಿಲ್ಲ ಅಂತ ಯಾರ ಎದುರಿಗೂ ಅನ್ನಲಿಲ್ಲ. ಅದೇ ದಿಗಂಬರನಿಗೆ ಸಹಿಸಲು ಕಷ್ಟವಾದದ್ದು. ಬೈದಿದ್ದರೆ ಒಂದು ರೀತಿ ಹಗುರಾಗುತ್ತಿತ್ತು.

ಹಾಗಾಗಿ ಎರಡು ಸಾವಿರದ ನಾಲ್ಕರಲ್ಲಿ ಹಳೆಯ ಮಾರುತಿ ಕೊಂಡಾಗ ಮೊದಲು ನಿಲ್ಲಿಸಿದ್ದು ಮಧ್ವೇಶನ ಬಾಗಿಲಿಗೇ. “ಬಾರೋ, ಇನ್ನ ಮುಂದ ನಾ ಕರಕೊಂಡು ಹೋಗ್ತೀನಿ” ಅಂದಿದ್ದ. ಆ ಮಾತು ಹೇಳಲಿಕ್ಕೆ ಹನ್ನೊಂದು ವರ್ಷ ಕಾದಿದ್ದ. ಮಧ್ವೇಶ ಒಂದು ವಾರ ಕೂತ. ಎಂಟನೆಯ ದಿನ, “ನಿನ್ನ ಗಾಡಿ ಛಲೋ ಅದನೋ ದಿಗ್ಯಾ, ಆದ್ರ ಈ ಗದ್ದಲದಾಗ ಕೂತು ಕೂತು ನನಗ ಹೊಟ್ಟಿ ತೊಳಸ್ತದ. ನನಗ ಸೈಕಲ್ಲ ಬರೋಬ್ಬರಿ” ಅಂದುಬಿಟ್ಟ. ದಿಗಂಬರನ ಪಕ್ಕದ ಸೀಟು ಖಾಲಿ ಉಳಿಯಿತು. ಅವತ್ತು ಹೊತ್ತಿಕೊಂಡ ಕಿಚ್ಚು ಆರಲೇ ಇಲ್ಲ. ಈಗ ಆ ಸೀಟಿನಲ್ಲಿ ಕೂರಬೇಕಾದ ಮಗಳೂ ಅವನ ಬೆನ್ನು ಹಿಡಿದು ಹೋದಳಲ್ಲ!

ಸಂಜೆ ಮನೆಗೆ ಬಂದವನೇ ಚಪ್ಪಲಿ ಸಹ ಬಿಡದೆ ಕೇಳಿದ: “ಸೈಕಲ್ ಯಾರದು?”

ಅಡಿಗೆಮನೆಯಲ್ಲಿ ಹೆಂಡತಿ ರಂಜನಾ ಸೌಟು ಹಿಡಿದು ನಿಂತುಬಿಟ್ಟಳು. ಸಾಯಲಿ ಪುಸ್ತಕದಿಂದ ತಲೆ ಎತ್ತಿದಳು. ಹೆದರದೆ ಉತ್ತರ ಕೊಟ್ಟವಳು ರಂಗೂಬಾಯಿ ಒಬ್ಬಳೇ. “ನಾ ಕೊಡಿಸೀನಿ. ಬಸ್ಸಿನಾಗ ಒಬ್ಬರ ಮ್ಯಾಲೆ ಒಬ್ಬರು ಬಿದ್ದು ಕೆಮ್ಮತಾರ, ಊರ ತುಂಬ ಹಂದಿಜ್ವರ. ಮಗುವಿಗೆ ಏನಾರ ಆಗಿದ್ರ? ಮಧ್ವೇಶ ಹದಿನೈದು ದಿನದಾಗ ಕಲಿಸಿದಾ ನೋಡು.”

“ಸಣ್ಣಂವಿದ್ದಾಗ ನನಗ ಸೈಕಲ್ ಮುಟ್ಟಬ್ಯಾಡ ಅಂತ ಆಣೆ ಹಾಕಿಸಿದಾಕಿ ನೀನ ಅಲ್ಲೇನವ್ವಾ?”

“ಆಗ ನಾ ಶ್ಯಾಣ್ಯಾಕಿ ಇರಲಿಲ್ಲ” ಅಂದಳು ಮುದುಕಿ, ಬತ್ತಿ ಹೊಸೆಯುತ್ತಲೇ.

“ಮತ್ತ ನನ್ನಿಂದ ಯಾಕ ಮುಚ್ಚಿಟ್ರಿ?”

“ನೀವು ಬ್ಯಾಡ ಅಂತಿದ್ರಿ, ಅದಕ್ಕ” ಅಂದಳು ರಂಜನಾ. “ರಾತ್ರಿ ಮಧ್ವೇಶ ಭಾವಜಿ ಮನ್ಯಾಗ ಇಡತಿದ್ಲು.”

ದಿಗಂಬರ ಕೂತುಕೊಂಡು ವಾದ ಶುರುಮಾಡಿದ. ಕರ್ವೆ ರಸ್ತೆಯ ಬಸ್ಸುಗಳು ಹೇಗೆ ಮೈಮೇಲೆ ಬರುತ್ತವೆ, ಸೈಕಲ್ಲಿಗೆಂದು ಬಿಟ್ಟ ಪಟ್ಟಿಯ ಮೇಲೆ ಹೇಗೆ ಕಾರು ನಿಂತಿರುತ್ತವೆ, ಹೊಗೆ ಎಷ್ಟು, ಗುಂಡಿ ಎಷ್ಟು, ಈಗ ಸೈಕಲ್ ಹೊಡೆಯುವವರು ಹಾಲಿನವರು ಮತ್ತು ಕೂಲಿಗೆ ಹೋಗುವವರು ಮಾತ್ರ, ನಾಲ್ಕು ಜನ ಏನಂದಾರು, ಎಲ್ಲ ಹೇಳಿದ. ಅರ್ಧ ನಿಜವೇ ಇತ್ತು. ಸಾಯಲಿ ಕೇಳಿಸಿಕೊಂಡು ಮೆಲ್ಲಗೆ ಅಂದಳು: “ಅಪ್ಪಾ, ಬಸ್ಸಿಗೆ ಐವತ್ತು ಮಿನಿಟ ಬೇಕು. ಸೈಕಲ್ಲಿಗೆ ಇಪ್ಪತ್ತೈದು. ಬಸ್ಸು ಹಿಂದಿಂದ ಬಂದ್ರ ಹೆದರಿ ವಾಲಬಾರದು, ಸೀದಾ ಹೋಗಬೇಕು ಅಂತ ಕಾಕಾ ಹೇಳ್ಯಾರ.”

ಕಾಕಾ ಹೇಳ್ಯಾರ! ಆ ಎರಡು ಶಬ್ದ ಅವನ ಮೈಯೆಲ್ಲ ಉರಿಸಿದವು. ನಾಳೆಯಿಂದ ನಾನೇ ಕಾರಿನಲ್ಲಿ ಬಿಡುತ್ತೇನೆ ಅಂತ ಎದ್ದುಹೋದ.

ಬಿಟ್ಟ, ಮೂರು ದಿನ. ಮೊದಲನೆಯ ದಿನ ನಳ ಸ್ಟಾಪಿನಲ್ಲಿ ಇಪ್ಪತ್ತು ಮಿನಿಟ. ಎರಡನೆಯ ದಿನ ಗಣಪತಿಯ ಮಂಟಪ ಬಿಚ್ಚುವವರು ರಸ್ತೆಗೆ ಅಡ್ಡ ಬೊಂಬು ಹಾಕಿದ್ದರು. ಮೂರನೆಯ ದಿನ ಸಾಯಲಿಗೆ ಭೌತಶಾಸ್ತ್ರದ ಪ್ರಾಕ್ಟಿಕಲ್ ತಪ್ಪಿತು. ಹುಡುಗಿ ಕಾರಿನ ಬಾಗಿಲನ್ನು ಭಾಳ ಮೆತ್ತಗೆ ಮುಚ್ಚಿ ಹೋದಳು. ಧಡಾರನೆ ಹಾಕಿದ್ದರೆ ಬಯ್ಯಬಹುದಿತ್ತು. ನಾಲ್ಕನೆಯ ದಿನ ಕೆಂಪು ಸೈಕಲ್ ರಾಜಾರೋಷವಾಗಿ ಅವರ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿಗೇ ಬಂತು, ಮಾರುತಿಯ ಪಕ್ಕದಲ್ಲೇ ನಿಂತಿತು.

ಅಲ್ಲಿಂದ ಮನೆಯಲ್ಲಿ ಕಾಕಾನ ರಾಜ್ಯ. ಊಟಕ್ಕೆ ಕೂತರೆ ಕಾಕಾ, ಎದ್ದರೆ ಕಾಕಾ. ಪಂಕ್ಚರ್ ತೆಗೆಯುವಾಗ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಬೇಕಂತೆ. ಚೈನಿಗೆ ಎಣ್ಣೆ ಎರಡೇ ಹನಿ ಸಾಕಂತೆ. ಮಗಳ ಉಗುರಿನ ಸಂದಿಯಲ್ಲಿ ಕರಿ ಗ್ರೀಸು. ತಾನು ಮಗಳಿಗೆ ಏನು ಕಲಿಸಿದ್ದೇನೆ ಅಂತ ದಿಗಂಬರ ಲೆಕ್ಕ ಹಾಕಲು ಹೋದ. ಮಗ್ಗಿ ಕಲಿಸಿದ್ದ. ಮಗ್ಗಿ ಯಾರು ಕಲಿಸಿದರೆಂದು ಯಾವ ಮಕ್ಕಳಿಗೆ ತಾನೇ ನೆನಪಿರುತ್ತದೆ? ಸೈಕಲ್ ಕಲಿಸಿದವನನ್ನು ಮಾತ್ರ ಸಾಯುವ ತನಕ ಮರೆಯುವುದಿಲ್ಲ. ಹಿಂದೆ ಸೀಟು ಹಿಡಿದು ಓಡುವುದು, ಹೇಳದೆ ಕೈ ಬಿಡುವುದು, ಅದು ತಂದೆಯ ಕೆಲಸ. ಆ ಕೆಲಸವನ್ನು ಮಧ್ವೇಶ ಎತ್ತಿಕೊಂಡು ಹೋಗಿದ್ದ. ಮಧ್ವೇಶನಿಗೆ ಮಕ್ಕಳಿರಲಿಲ್ಲ. ‘ತನಗಿಲ್ಲ ಅಂತ ನನ್ನ ಮಗಳನ್ನು ಸೆಳೆದುಕೊಳ್ಳುತ್ತಿದ್ದಾನೆ’ ಅನ್ನುವ ಮಾತು ಒಂದು ಸಲ ದಿಗಂಬರನ ತಲೆಗೆ ಬಂದು ಹೋಯಿತು. ಛೇ, ಎಂಥ ಹೊಲಸು ವಿಚಾರ ಅಂತ ಅವನಿಗೇ ಅನಿಸಿತು. ಆದರೂ ಹೋದದ್ದು ಮತ್ತೆ ಬಂತು.

ದಸರೆಗೆ ನಾಲ್ಕು ದಿನ ಇರುವಾಗ ಸಾಯಲಿ ಹೊಸ ಸುದ್ದಿ ತಂದಳು. ರವಿವಾರ ನಸುಕಿನ ಐದಕ್ಕೆ ಭೋರಕ್ಕೆ ಸೈಕಲ್ ಸವಾರಿ! ಮಧ್ವೇಶ ಕಾಕಾ, ಕಾಲೇಜಿನ ಮೂವರು ಗೆಳತಿಯರು, ಅವರಲ್ಲಿ ಒಬ್ಬಳ ತಂದೆ. ಕಾತ್ರಜ ಘಾಟು ಹತ್ತಿ, ಐವತ್ತು ಕಿಲೋಮೀಟರು ತುಳಿದು, ಭೋರದ ಅರಮನೆ ನೋಡಿ, ಬರುವಾಗ ಸರಕಾರಿ ಎಸ್.ಟಿ. ಬಸ್ಸಿನ ಮೇಲೆ ಸೈಕಲ್ ಏರಿಸಿಕೊಂಡು ಬರುವುದು. ಅವಳ ಕಣ್ಣು ಹೊಳೆಯುತ್ತಿದ್ದವು. “ಹೋಗ್ಲೇನಪ್ಪಾ?” ಅಂತ ಕೇಳಿದಳು. ಅಷ್ಟು ಆಸೆಯಿಂದ ಅವಳು ಅವನನ್ನು ಏನನ್ನಾದರೂ ಕೇಳಿ ವರ್ಷಗಳಾಗಿದ್ದವು. ಇಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ, ಹೂಂ ಅನ್ನಲು ಮನಸ್ಸು ಬರಲಿಲ್ಲ.

“ನೋಡೋಣ” ಅಂದ.

ಆಮೇಲೆ ಕ್ಯಾಲೆಂಡರ್ ನೋಡಿದ. ರವಿವಾರ ಆಯುಧಪೂಜೆಯ ಖಂಡೇನವಮಿ, ಸೋಮವಾರ ದಸರಾ. ಅವನಿಗೆ ಉಪಾಯ ಹೊಳೆದೇಬಿಟ್ಟಿತು.

ಬೇರೆಯವರ ಮನೆಗಳಲ್ಲಿ ಗಾಡಿ ತೊಳೆದು, ಹೂ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಆ ಕ್ಷಣವೇ ಓಡಿಸಿಕೊಂಡು ಹೋಗುತ್ತಾರೆ. ರಂಗೂಬಾಯಿಯ ಮನೆಯ ಪದ್ಧತಿ ಅದಲ್ಲ. ನವಮಿಯ ಬೆಳಿಗ್ಗೆ ಯಾವ ಹತಾರು ಪೂಜೆಗೆ ಕೂತಿತೋ, ಮರುದಿನ ಸಂಜೆ ಬನ್ನಿ ಕೊಡುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಈಳಿಗೆ ಕೂರುತ್ತದೆಂದು ಹಿಂದಿನ ದಿನವೇ ಕಾಯಿಪಲ್ಯ ಹೆಚ್ಚಿಡುತ್ತಿದ್ದರು. ಕತ್ತರಿ ಕೂತರೆ ಹಾಲಿನ ಪ್ಯಾಕೆಟನ್ನು ಹಲ್ಲಿನಿಂದ ಹರಿಯುತ್ತಿದ್ದರು. ಕಾರನ್ನು ಮಾತ್ರ ದಿಗಂಬರ ಜಾಣತನದಿಂದ ದಸರೆಯ ದಿನ ಪೂಜೆ ಮಾಡಿ ಈ ನೇಮದಿಂದ ತಪ್ಪಿಸಿಕೊಂಡು ಬಂದಿದ್ದ. ಪುಣೆಯವರ ಪದ್ಧತಿ ಹಾಗೇ ಅವ್ವಾ, ಅಂತ ತಾಯಿಯ ಬಾಯಿ ಮುಚ್ಚಿಸಿದ್ದ.

ನವಮಿಯ ದಿನ ನಾಲ್ಕು ಗಂಟೆಗೇ ಎದ್ದ. ರಜೆಯ ದಿನ ಎಂಟರ ಮೊದಲು ಕಣ್ಣು ತೆರೆಯದ ಮನುಷ್ಯ! ತಣ್ಣೀರು ಸುರುವಿಕೊಂಡ, ಮಡಿ ಉಟ್ಟ, ತಟ್ಟೆ ಹಿಡಿದು ಪಾರ್ಕಿಂಗಿಗೆ ಇಳಿದ. ಕೆಂಪು ಸೈಕಲ್ಲಿನ ಹ್ಯಾಂಡಲ್ಲಿಗೆ, ಸೀಟಿಗೆ, ಪೆಡಲಿಗೆ ಕುಂಕುಮ ಹಚ್ಚಿದ. ಚೆಂಡುಹೂವಿನ ಉದ್ದನೆಯ ಸರವನ್ನು ಎರಡೂ ಗಾಲಿಗಳ ಕಡ್ಡಿಗಳಲ್ಲಿ ತೂರಿಸಿ ತೂರಿಸಿ ಸುತ್ತಿದ. ಭಕ್ತಿಯಿಂದ ದೇವರಿಗೂ ಅಷ್ಟು ಹೂ ಏರಿಸಿದವನಲ್ಲ. ಊದಿನಕಡ್ಡಿ ಬೆಳಗುತ್ತಿರುವಾಗ ಸಾಯಲಿ ನೀರಿನ ಬಾಟಲಿ, ಚಪಾತಿಯ ಡಬ್ಬಿ ಹಿಡಿದು ಜಿಗಿಯುತ್ತ ಇಳಿದುಬಂದಳು.

ಬಂದವಳು ನಿಂತುಬಿಟ್ಟಳು.

“ಅಪ್ಪಾ... ಪೂಜಾ ಮಾಡೀ ಏನು?”

“ನವಮಿ ಅಲ್ಲೇನವಾ? ನಿನ್ನ ಸೈಕಲ್ಲಿನ ಮೊದಲನೇ ಹಬ್ಬ” ಅಂದ ದಿಗಂಬರ, ಸಾಧ್ಯವಾದಷ್ಟು ಮುಗ್ಧನಾಗಿ.

ಗೇಟಿನ ಹೊರಗೆ ಉಳಿದವರು ಬಂದು ಗಂಟೆ ಬಾರಿಸಿದರು. ಮಧ್ವೇಶ ಒಳಗೆ ಇಣುಕಿದ. ಹೂ ನೋಡಿದ, ಹುಡುಗಿಯ ಮುಖ ನೋಡಿದ, ಕೊನೆಗೆ ದಿಗಂಬರನನ್ನು ನೋಡಿದ. ಇಬ್ಬರೂ ಒಂದೇ ಊರಿನ ಒಂದೇ ಪದ್ಧತಿಯಲ್ಲಿ ಬೆಳೆದವರು, ಬಿಡಿಸಿ ಹೇಳುವುದೇನಿತ್ತು? “ಪೂಜಾಕ್ಕ ಕೂತದ ಅಂದ್ರ ಮುಟ್ಟಬ್ಯಾಡವಾ ಸಾಯಲಿ” ಅಂದ. “ಭೋರ ಎಲ್ಲಿಗೂ ಓಡಿ ಹೋಗೂದಿಲ್ಲ. ಈ ಹುಡುಗ್ಯಾರು ಕಾಯಾಕತ್ತಾರ, ಇವರನ್ನ ಕರಕೊಂಡು ಹೋಗಿ ಬರ್ತೀನಿ.” ಸಿಟ್ಟಿಲ್ಲ, ಚುಚ್ಚುಮಾತಿಲ್ಲ. ಟ್ರಿಣ್ ಅನ್ನಿಸಿ ಹೊರಟುಹೋದ. ಗೆಳತಿಯರ ಕಲಕಲ ತಿರುವಿನ ತನಕ ಕೇಳಿಸಿತು.

ಈಗ ದಿಗಂಬರನ ಉಪಾಯದ ಎರಡನೆಯ ಭಾಗ. ಜೇಬಿನಿಂದ ಕಾರಿನ ಕೀಲಿ ತೆಗೆದು ಕುಣಿಸಿದ. “ಮಾರಿ ಯಾಕ ಸಣ್ಣ ಮಾಡ್ತಿ? ನಡೀ, ನಾ ಕರಕೊಂಡು ಹೋಗ್ತೀನಿ ಭೋರಕ್ಕ. ಅವರು ಘಾಟು ಹತ್ತೂದ್ರಾಗ ನಾವು ಅರಮನಿ ನೋಡಿ ನಾಷ್ಟಾ ಮಾಡಿರತೇವಿ!”

“ಅದು ಹೆಂಗ ಹೋಗ್ತೀಯೋ ದಿಗಂಬರಾ?” ಅಂತ ಹಿಂದಿನಿಂದ ದನಿ ಬಂತು.

ತಿರುಗಿ ನೋಡಿದರೆ ರಂಗೂಬಾಯಿ. ಮಗ ಸೈಕಲ್ಲಿನ ಗಾಲಿಗೆ ಹೂ ಸುತ್ತುವುದರಲ್ಲಿ ಮುಳುಗಿದ್ದಾಗ ಮುದುಕಿ ಸದ್ದಿಲ್ಲದೆ ಇಳಿದುಬಂದು, ಕಂಬದ ಆಚೆ ಬದಿಗೆ ಮಾರುತಿಯ ಮೂತಿಗೆ ಐದು ಬೆರಳಿನ ಕುಂಕುಮ ಎಳೆದು, ಕನ್ನಡಿಗಳಿಗೆ ಹೂ ಸಿಗಿಸಿ, ಕಾಯಿ ಇಟ್ಟು ಪೂಜೆ ಮುಗಿಸಿದ್ದಳು.

“ಅವ್ವಾ! ಕಾರು ನಾಳೆ ಅಲ್ಲ?”

“ಇಷ್ಟು ವರ್ಷ ಪುಣೆ ಪದ್ಧತಿ ಅಂದಿ, ನಾ ಸುಮ್ಮನಿದ್ದೆ. ಇವತ್ತ ನಮ್ಮ ಪದ್ಧತಿ ನಿನಗ ನೆನಪಾತು. ಭಾಳ ಸಂತೋಷ ಆತಪ್ಪಾ. ಸೈಕಲ್ಲಿಗೊಂದು ಶಾಸ್ತ್ರ, ಕಾರಿಗೊಂದು ಶಾಸ್ತ್ರ ಇರತದೇನು? ನಾಳೆ ಸಂಜೀ ತನಕ ಒಂದೂ ಹಂದಾಡೂಹಂಗಿಲ್ಲ.”

ಮುದುಕಿ ಇದನ್ನು ಬೇಕೆಂದೇ ಮಾಡಿದಳೋ, ನಿಜವಾದ ಭಕ್ತಿಯಿಂದಲೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ದಿಗಂಬರ ಇಂಗು ತಿಂದ ಮಂಗನ ಹಾಗೆ ಕೀಲಿ ಹಿಡಿದು ನಿಂತ. ಸಾಯಲಿ ಬಾಟಲಿ, ಡಬ್ಬಿ ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದಳು.

ಅವತ್ತಿಡೀ ಮನೆ ಬಿಕೋ ಅಂದಿತು. ಮಧ್ಯಾಹ್ನದ ಹೋಳಿಗೆ ತಟ್ಟೆಯಲ್ಲೇ ಉಳಿಯಿತು. ಸಾಯಲಿ ಬಾಲ್ಕನಿಯಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದಳು. ಎಷ್ಟು ಹೊತ್ತು ನೋಡಿದರೂ ಅದೇ ಪುಟ. ದಿಗಂಬರ ನಾಲ್ಕು ಸಲ ಅತ್ತ ಇತ್ತ ಅಡ್ಡಾಡಿ, ಕೊನೆಗೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡ.

“ಸಿಟ್ಟು ಬಂದದೇನು?”

“ಸಿಟ್ಟಲ್ಲ. ನೀ ಯಾಕ ಹಿಂಗ ಮಾಡಿದಿ ಅಂತ ತಿಳೀವಲ್ದು” ಅಂದಳು ಪುಸ್ತಕದಿಂದ ತಲೆ ಎತ್ತದೆ. “ನಿನಗ ಖುಷಿ ಆಗತದಂತ ಮಾಡಿದ್ದೆ ನಾ.”

“ನನಗ ಖುಷಿ?”

“ಮತ್ತ? ಮೊದಲನೇ ದಿನ ನಾನು ಬಿದ್ದೆ. ಮೊಣಕಾಲು ಕೆತ್ತಿತು. ನನಗ ಬ್ಯಾಡ ಅಂತ ಅಳಲಿಕ್ಕೆ ಹತ್ತಿದೆ. ಆಗ ಕಾಕಾ ಹೇಳಿದ್ರು, ನಿಮ್ಮಪ್ಪ ಏನು ಸೈಕಲ್ ಹೊಡೀತಿದ್ದ ಗೊತ್ತದೇನು ಅಂತ. ಸದಾಶಿವ ಪೇಟೆಯಿಂದ ಕ್ಯಾಂಪಿಗೆ ಮೂರು ವರ್ಷ ಕಾಕಾನ್ನ ಹಿಂದ ಕೂಡಿಸಿಕೊಂಡು ಡಬಲ್ ಸೀಟ್ ಹೊಡದೀಯಂತ. ಮಳಿಯಾಗೂ ಒಂದಿನಾ ಲೇಟಾಗಿ ಮುಟ್ಟಿಲ್ಲಂತ. ಅಂಥವನ ಮಗಳಾಗಿ ನೀ ಅಳ್ತೀ ಏನು ಅಂದ್ರು.” ಈಗ ಅವಳ ದನಿ ಒಡೆಯಿತು. “ಭೋರಕ್ಕ ಹೋಗಿ ಬಂದು ನಿನಗ ಹೇಳಬೇಕಂತ ಮಾಡಿದ್ದೆ, ನಾನೂ ನಿನ್ನಂಗ ಆಗೀನಿ ನೋಡಪ್ಪಾ ಅಂತ.”

ದಿಗಂಬರನ ಎದೆಗೆ ಒದ್ದ ಹಾಗಾಯಿತು. ಎದ್ದು ಒಳಗೆ ಹೋಗಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ನೆಮ್ಮದಿ ಬಂತೇ? ಎಲ್ಲಿಯದು! ಮಗಳ ಕಣ್ಣಿನಲ್ಲಿ ತಾನು ಇಷ್ಟು ಎತ್ತರ ನಿಂತಿದ್ದರೆ, ನಿಲ್ಲಿಸಿದವನು ಮಧ್ವೇಶ. ತಾನು ಹೊಟ್ಟೆ ಉರಿದುಕೊಂಡ ಪ್ರತಿಯೊಂದು ದಿನ ಆ ಮನುಷ್ಯ ತನ್ನದನ್ನು ತೆಗೆದು ಇವನ ಹೆಸರಿಗೆ ಹಾಕುತ್ತಿದ್ದ. ಅವನನ್ನು ದ್ವೇಷಿಸಲಿಕ್ಕೂ ಈಗ ದಾರಿ ಉಳಿಯಲಿಲ್ಲ. ಇನ್ನೊಂದು ವಿಚಾರವೂ ಬಂತು, ನಾಚಿಕೆಗೆಟ್ಟ ವಿಚಾರ: ಈ ಸುಳ್ಳು ಹೀಗೇ ಇದ್ದರೆ ಯಾರಿಗೇನು ನಷ್ಟ? ಮಧ್ವೇಶ ಬಾಯಿ ಬಿಡುವವನಲ್ಲ. ಮಗಳು ಕೊನೆಯ ತನಕ ಹಾಗೇ ನಂಬಿಕೊಂಡಿರುತ್ತಾಳೆ. ಆ ಆಸೆಯನ್ನು ಹಿಡಿದುಕೊಂಡೇ ಅವನು ಮರುದಿನದ ಸಂಜೆಯ ತನಕ ಕಳೆದ.

ದಸರೆಯ ಸಂಜೆ ಮನೆಯವರೆಲ್ಲ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಅಂತ ಹೇಳಿಕೊಂಡದ್ದಾಯಿತು. ದಿಗಂಬರ ತಾಯಿಯ ಕಾಲಿಗೆ ಬಿದ್ದ. ಪೂಜೆಗೆ ಕೂತ ಸಾಮಾನುಗಳೆಲ್ಲ ಬಿಡುಗಡೆಯಾದವು. ಇನ್ನು ಮಧ್ವೇಶನ ಮನೆಗೆ ಹೋಗಿ ಬನ್ನಿ ಕೊಡಬೇಕು, ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿದ್ದಿಲ್ಲ. ಕಾರಿನ ಕೀಲಿ ಹಿಡಿದು ಕೆಳಗಿಳಿದರೆ, ಸಾಯಲಿ ಸೈಕಲ್ಲಿನ ಬಾಡಿದ ಹೂಗಳನ್ನು ಬಿಡಿಸಿ, ಸ್ಟ್ಯಾಂಡು ಒದ್ದು, ಅವನ ಮುಂದೆ ತಂದು ನಿಲ್ಲಿಸಿದಳು. ನಿನ್ನೆಯ ಮುನಿಸು ಮುಖದಲ್ಲಿ ಇರಲಿಲ್ಲ. ಬನ್ನಿ ತೊಗೊಂಡ ಮೇಲೆ ಮುನಿಸಿಕೊಂಡಿರಬಾರದು ಅಂತ ಅಜ್ಜಿ ಕಲಿಸಿದ್ದನ್ನು ಆ ಹುಡುಗಿ ನಿಜವೆಂದು ನಂಬಿದವಳು.

“ಅಪ್ಪಾ, ಇವತ್ತ ನೀ ಹೊಡಿ. ನಾ ಹಿಂದ ಕೂಡ್ತೀನಿ. ಕಾಕಾನ ಮನೀತನಕ ಡಬಲ್ ಸೀಟ್!”

ಪಾರ್ಕಿಂಗಿನಲ್ಲಿ ಸೊಸೈಟಿಯ ಅರ್ಧ ಜನ ಇದ್ದರು. ಎಲೆ ಹಂಚುತ್ತಿದ್ದವರು ತಿರುಗಿ ನೋಡಿದರು. ರಂಜನಾಗೆ ಗಂಡನ ಗುಟ್ಟು ಗೊತ್ತಿತ್ತು. ಅವಳು ಲಗುಬಗೆಯಿಂದ ಮುಂದೆ ಬಂದಳು. “ಅಯ್ಯ, ಬ್ಯಾಡವಾ, ಅವರ ಮೊಣಕಾಲು ಭಾಳ ನೋಯಾಕತ್ತದ.”

ಮೊಣಕಾಲು! ಎಂಥ ಚೊಕ್ಕ ನೆಪ. ಹೂಂ ಅಂದರೆ ಸಾಕು, ಇಡೀ ಆಯುಷ್ಯಕ್ಕೆ ಸಾಲುತ್ತಿತ್ತು. ದಿಗಂಬರ ಸೈಕಲ್ಲಿನ ಹ್ಯಾಂಡಲ್ ಹಿಡಿದ. ಮೂವತ್ತಮೂರು ವರ್ಷದ ಮೇಲೆ ಹಿಡಿದದ್ದು. ಮಗಳು ಅವನನ್ನೇ ನೋಡುತ್ತಿದ್ದಳು, ಬಾಯಿ ಅರ್ಧ ನಗುವಿನಲ್ಲಿತ್ತು. ಆ ನೋಟವನ್ನು ಕಳೆದುಕೊಳ್ಳುವುದು ಅವನಿಗೆ ಬೇಕಿರಲಿಲ್ಲ, ದೇವರಾಣೆ ಬೇಕಿರಲಿಲ್ಲ. ಆದರೆ ಅದು ಅವನದಲ್ಲ, ಮಧ್ವೇಶನದು. ಇನ್ನೊಬ್ಬರದನ್ನು ಇಟ್ಟುಕೊಂಡು ಇನ್ನೂ ಎಷ್ಟು ವರ್ಷ ಉರಿಯುವುದು?

“ನನಗ ಸೈಕಲ್ ಬರೂದಿಲ್ಲ ಸಾಯಲಿ.”

“ಅಂದ್ರ?”

“ಬರೂದಿಲ್ಲ ಅಂದ್ರ ಬರೂದಿಲ್ಲ. ಎಂದೂ ಬಂದಿಲ್ಲ. ಹೊಡೀತಿದ್ದಂವ ಅಂವಾ. ಹಿಂದ ಕೂಡತಿದ್ದಂವ ನಾನು. ನಿನ್ನ ಕಾಕಾ ನನ್ನ ಮರ್ಯಾದಿ ಸಲುವಾಗಿ ಸುಳ್ಳು ಹೇಳ್ಯಾನ.” ಒಂದು ಉಸಿರು ತೆಗೆದುಕೊಂಡು ಉಳಿದದ್ದನ್ನೂ ಹೇಳಿದ. “ಮತ್ತ ನಿನ್ನೆ ಪೂಜಾ ಮಾಡಿದ್ದು ಭಕ್ತಿಯಿಂದಲ್ಲ. ನೀ ಅವನ ಜೋಡಿ ಹೊಂಟೀ ಅಂತ ನನಗ ಹೊಟ್ಟಿ ಉರೀತು.”

ಸೊಸೈಟಿಯ ಮರಾಠಿ ಜನಕ್ಕೆ ಮಾತು ತಿಳಿಯಲಿಲ್ಲ, ಅದು ಅವನ ಪುಣ್ಯ. ರಂಗೂಬಾಯಿ ಮಾತ್ರ ಮೆಟ್ಟಿಲ ಮೇಲೆ ಕೂತು ಕಿವಿ ತೆರೆದುಕೊಂಡಿದ್ದಳು. ಸಾಯಲಿಯ ಮುಖದಿಂದ ನಗು ಹೋಯಿತು. ದಿಗಂಬರ ಕಣ್ಣು ತಗ್ಗಿಸಿ ಪೆಡಲಿನ ಮೇಲಿನ ಕುಂಕುಮ ನೋಡುತ್ತ ನಿಂತ. ಆಮೇಲೆ ಹುಡುಗಿ ಅವನ ಕೈಯಿಂದ ಹ್ಯಾಂಡಲ್ ತೆಗೆದುಕೊಂಡಳು. ಸೀಟಿನ ಮೇಲೆ ಕೂತು ಒಂದು ಕಾಲು ನೆಲಕ್ಕೂರಿದಳು.

“ಹಿಂದ ಕೂಡೂದಾದ್ರ ಬರ್ತದಲ್ಲ?”

ಬರುತ್ತಿತ್ತು. ಅದೊಂದು ಮಾತ್ರ ಚೆನ್ನಾಗಿ ಬರುತ್ತಿತ್ತು. ಅವಳು ತುಳಿಯತೊಡಗಿದ ಮೇಲೆ ಎರಡು ಹೆಜ್ಜೆ ಓಡಿ, ಪಂಚೆ ಎತ್ತಿ ಹಿಡಿದು, ನಲವತ್ತನಾಲ್ಕು ವರ್ಷದ ಆ ಭಾರೀ ಶರೀರವನ್ನು ಕ್ಯಾರಿಯರ್ ಮೇಲೆ ಹೂವಿನ ಹಾಗೆ ಇಳಿಸಿದ. ಸೈಕಲ್ ಒಂದು ಸಲ ಎಡಕ್ಕೆ ವಾಲಿ ಸರಿಯಾಯಿತು. “ಅಯ್ಯ, ಮಸ್ತ ಕೂಡ್ತೀಯಲ್ಲೋ ಅಪ್ಪಾ!” ಅಂದಳು ಸಾಯಲಿ. ಅವಳ ಬೆನ್ನು ನಗುವಿನಿಂದ ಅಲುಗುವುದು ಅವನಿಗೆ ಗೊತ್ತಾಯಿತು. ಸಂಜೆಯ ಗಾಳಿ ಮುಖಕ್ಕೆ ಹೊಡೆಯಿತು. ಹಬ್ಬದ ಕಾರುಗಳು, ಹೂ ಹಾಕಿದ ಹೊಸ ಮೋಟರ್ ಸೈಕಲ್ಲುಗಳು ಒಂದಕ್ಕೊಂದು ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಿದ್ದವು. ಅವುಗಳ ಪಕ್ಕದಿಂದ ಮಗಳು ಅಪ್ಪನನ್ನು ಹೊತ್ತು ಸೀದಾ ನಡೆದಳು, ವಾಲದೆ. ತಿರುವಿನ ಚೌಕದಲ್ಲಿ ಪೊಲೀಸನೊಬ್ಬ ನಿಂತಿದ್ದ. ದಿಗಂಬರ ಯೋಚಿಸಲೂ ಇಲ್ಲ, ಟಣ್ಣನೆ ಹಾರಿ ಇಳಿದ, ಸಭ್ಯಸ್ಥನ ಹಾಗೆ ನಡೆದು ದಾಟಿದ, ಆಚೆ ಓಡಿ ಮತ್ತೆ ಹತ್ತಿಕೊಂಡ. ಪೊಲೀಸ ಅವನನ್ನು ಹುಚ್ಚನೋ ಎಂಬಂತೆ ನೋಡಿದ. ಈಗ ಡಬಲ್ ಸೀಟಿಗೆ ಯಾರೂ ಹಿಡಿಯುವುದಿಲ್ಲ ಅನ್ನುವುದು ಪಾಪ, ದಿಗಂಬರನಿಗೇನು ಗೊತ್ತು.

ಮಧ್ವೇಶ ಗೇಟಿನ ಬಳಿಯೇ ಕರಿ ಸೈಕಲ್ ಒರೆಸುತ್ತ ನಿಂತಿದ್ದ. ನಗುತ್ತ ನಗುತ್ತ ಬಂದ ಇಬ್ಬರನ್ನೂ ನೋಡಿದ. ಅವನ ಕೈಯ ಬಟ್ಟೆ ನಿಂತಿತು. ಹ್ಯಾಂಡಲ್ ಹಿಡಿದ ಹುಡುಗಿಯನ್ನು ನೋಡಿದ, ಅವಳ ಸೊಂಟ ಹಿಡಿದು ಕೂತ ಗೆಳೆಯನನ್ನು ನೋಡಿದ. ಎಲ್ಲ ಹೇಳಿಬಿಟ್ಟಿದ್ದಾನೆ ಅಂತ ತಿಳಿಯಿತು. ದಿಗಂಬರ ಇಳಿದು ಜೇಬಿನಿಂದ ಬನ್ನಿ ತೆಗೆದ.

ಮೊದಲು ಮಾತಾಡಿದವನು ಮಧ್ವೇಶನೇ. “ಮೂರು ವರ್ಷ ನನ್ನ ಹಿಂದ ಕೂತಿ ಲೇ ದಿಗ್ಯಾ. ಒಂದಿನಾನೂ ಹಿಂಗ ನಕ್ಕಿರಲಿಲ್ಲ ನೋಡು.” ಅವನೂ ನಗಲು ನೋಡಿದ, ಆದರೆ ಬಾಯಿ ಸರಿಯಾಗಿ ಕೂಡಿಬರಲಿಲ್ಲ. ಮತ್ತೆ ಬಟ್ಟೆಯಿಂದ ಒರೆಸಿದ್ದ ಜಾಗವನ್ನೇ ಒರೆಸಿದ. “ಮಗಳ ಹಿಂದ ಕೂತು ಬರೂದು! ಖರೇ ಹೇಳ್ತೀನಿ, ನನಗ ಹೊಟ್ಟಿ ಉರೀತಲೇ.”

ಆ ಉರಿ ಎಂಥದ್ದೆಂದು ದಿಗಂಬರನಿಗಿಂತ ಚೆನ್ನಾಗಿ ಬಲ್ಲವರು ಆ ಓಣಿಯಲ್ಲಿ ಯಾರಿದ್ದರು? ಬನ್ನಿ ಎಲೆಯನ್ನು ಗೆಳೆಯನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದ. ಆಮೇಲೆ ಮಗಳ ಕಡೆ ತಿರುಗಿ, “ಸಾಯಲಿ, ಒಂದು ಸುತ್ತು ಕಾಕಾನ್ನ ಕೂಡಿಸಿಕೊಂಡು ಬಾ. ನಾ ಇಲ್ಲೇ ನಿಂತಿರ್ತೀನಿ” ಅಂದ.